ನೆಲಮಾಳಿಗೆಯ ವಿದ್ಯಾರ್ಥಿ, ನೌಕಾಪಡೆಯ ಗುರು

1941ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಏಮ್ಸ್ ಎಂಬ ಪಟ್ಟಣಕ್ಕೆ 22 ವರ್ಷದ ಯುವಕನೊಬ್ಬ ಬಂದ. ರಸಾಯನಶಾಸ್ತ್ರದಲ್ಲಿ ಎರಡು ಪದವಿಗಳನ್ನು ಆಗಲೇ ಗಳಿಸಿದ್ದ. ಡಾಕ್ಟರೇಟ್ ಪಡೆಯಬೇಕೆಂಬ ಹಂಬಲ ಅವನಿಗಿತ್ತು. ಅಲ್ಲಿನ ಅಯೋವಾ ಸ್ಟೇಟ್ ಕಾಲೇಜು ಅವನನ್ನು ಸೇರಿಸಿಕೊಂಡಿತೇನೋ ನಿಜ. ಆದರೆ ವಿದ್ಯಾರ್ಥಿನಿಲಯದಲ್ಲಿ ಬಿಳಿಯರ ಜೊತೆ ವಾಸಿಸಲು ಅವನಿಗೆ ಅನುಮತಿ ಸಿಗಲಿಲ್ಲ. ಹೊರಗೆ ಎಲ್ಲಾದರೂ ಕೋಣೆ ನೋಡಿಕೊಳ್ಳಬೇಕಾಯಿತು. ಪ್ರಯೋಗಾಲಯದಲ್ಲೂ ಅದೇ ಕಥೆ. ಉಳಿದ ವಿದ್ಯಾರ್ಥಿಗಳಿಗೆ ಒಳ್ಳೆಯ ಜಾಗ, ಅವನಿಗೆ ಮಾತ್ರ ನೆಲಮಾಳಿಗೆಯಲ್ಲಿ, ಇಲಿಗಳ ಪಕ್ಕದಲ್ಲಿ ಒಂದು ಮೂಲೆ. ತನ್ನ ಯೋಗ್ಯತೆಯನ್ನು ತೋರಿಸಿದ ಮೇಲೆ ಮೇಲಕ್ಕೆ ಬರಬಹುದು ಎಂಬುದು ಅಲ್ಲಿನ ಅಲಿಖಿತ ನಿಯಮ. ಬೇರೆಯವರಿಗೆ ಅಂಥ ಪರೀಕ್ಷೆ ಇರಲಿಲ್ಲ. ಅವನ ತಪ್ಪು ಒಂದೇ, ಅವನ ಚರ್ಮದ ಬಣ್ಣ ಕಪ್ಪು.

ಆ ಯುವಕನ ಹೆಸರು ಸ್ಯಾಮುಯೆಲ್ ಪ್ರಾಕ್ಟರ್ ಮ್ಯಾಸ್ಸಿ. ಮುಂದೆ ಅವರು ಒಂದು ಕಾಲೇಜಿನ ಅಧ್ಯಕ್ಷರಾದರು, ಅಮೆರಿಕದ ನೌಕಾ ಅಕಾಡೆಮಿಯ ಮೊದಲ ಕಪ್ಪು ಪ್ರಾಧ್ಯಾಪಕರಾದರು. 1998ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರ ಪ್ರಸಿದ್ಧ ವಾರಪತ್ರಿಕೆಯೊಂದು ತನ್ನ 75ನೇ ವರ್ಷದ ನೆನಪಿಗೆ ರಸಾಯನಶಾಸ್ತ್ರಕ್ಕೆ ಶ್ರೇಷ್ಠ ಕೊಡುಗೆಯಿತ್ತ 75 ಮಂದಿಯನ್ನು ಆರಿಸಿದಾಗ, ಮೇರಿ ಕ್ಯೂರಿಯವರಂಥ ಮಹನೀಯರ ಸಾಲಿನಲ್ಲಿ ಅವರ ಹೆಸರೂ ಇತ್ತು. ನೆಲಮಾಳಿಗೆಯಿಂದ ಆ ಪಟ್ಟಿಯವರೆಗಿನ ದಾರಿ ಹೇಗೆ ಸಾಗಿತು ಎಂಬುದನ್ನು ನಾವಿಂದು ನೋಡೋಣ.

ತಾಯಿಯ ಬೆನ್ನ ಹಿಂದೆ ಶಾಲೆಗೆ

ಸ್ಯಾಮುಯೆಲ್ ಹುಟ್ಟಿದ್ದು 1919ರ ಜುಲೈ 3ರಂದು, ಆರ್ಕನ್ಸಾ ರಾಜ್ಯದ ನಾರ್ತ್ ಲಿಟಲ್ ರಾಕ್ ಎಂಬ ಊರಿನಲ್ಲಿ. ತಂದೆ ತಾಯಿ ಇಬ್ಬರೂ ಶಿಕ್ಷಕರು. ತಾಯಿ ಪಾಠ ಹೇಳಲು ಹೊರಟರೆ ಮಗುವೂ ಜೊತೆಗೆ ಹೊರಡುತ್ತಿತ್ತು. ಒಂದು ತರಗತಿಯಿಂದ ಇನ್ನೊಂದಕ್ಕೆ ಅಮ್ಮನ ಹಿಂದೆಯೇ ಸುತ್ತುತ್ತಾ, ದೊಡ್ಡ ಮಕ್ಕಳಿಗೆ ಹೇಳಿಕೊಟ್ಟದ್ದನ್ನು ಕೇಳಿ ಕೇಳಿ ಕಲಿಯುತ್ತಿತ್ತು. ಹೀಗೆ ಕೆಲವು ತರಗತಿಗಳನ್ನು ದಾಟಿಕೊಂಡೇ ಹೋದ ಬಾಲಕ ತನ್ನ 13ನೆಯ ವಯಸ್ಸಿಗೆ ಪ್ರೌಢಶಾಲೆಯನ್ನು ಮುಗಿಸಿಬಿಟ್ಟ.

ಅದು ಅಮೆರಿಕವನ್ನು ಬಡತನ ಹಿಂಡುತ್ತಿದ್ದ ಕಾಲ. ಮುಂದಿನ ಓದಿಗೆ ಹಣ ಬೇಕಿತ್ತು. ಹುಡುಗ ದಿನಸಿ ಅಂಗಡಿಯೊಂದರಲ್ಲಿ ದುಡಿದು ಕಾಸು ಕೂಡಿಸಿದ. ಮನೆಯಲ್ಲಿ ತಂದೆಗೆ ಉಬ್ಬಸದ ಕಾಯಿಲೆ. ಉಸಿರಿಗಾಗಿ ತಂದೆ ಪಡುತ್ತಿದ್ದ ಪಾಡನ್ನು ನೋಡಿ ನೋಡಿ ಹುಡುಗನ ಮನಸ್ಸಿನಲ್ಲಿ ಒಂದು ಸಂಕಲ್ಪ ಹುಟ್ಟಿತು: ರಸಾಯನಶಾಸ್ತ್ರ ಕಲಿಯಬೇಕು, ಈ ರೋಗಕ್ಕೆ ಮದ್ದು ಕಂಡುಹಿಡಿಯಬೇಕು. ದೊಡ್ಡ ವಿಜ್ಞಾನಿಯಾಗಬೇಕು, ಹೆಸರು ಗಳಿಸಬೇಕು ಎಂಬುದು ಅವನ ಆರಂಭವಾಗಿರಲಿಲ್ಲ. ತಂದೆಗೆ ರಾತ್ರಿ ನಿದ್ದೆ ಬರಬೇಕು ಎಂಬುದಷ್ಟೇ ಆಗಿತ್ತು.

ರಾಜ್ಯದ ದೊಡ್ಡ ವಿಶ್ವವಿದ್ಯಾಲಯವಾದ ಆರ್ಕನ್ಸಾ ವಿಶ್ವವಿದ್ಯಾಲಯದ ಬಾಗಿಲು ಅವನಿಗೆ ಮುಚ್ಚಿತ್ತು. ಕಪ್ಪು ಜನರಿಗೆ ಅಲ್ಲಿ ಪ್ರವೇಶವಿರಲಿಲ್ಲ. 1948ರಲ್ಲಷ್ಟೇ ಆ ವಿಶ್ವವಿದ್ಯಾಲಯ ಒಬ್ಬ ಕಪ್ಪು ವಿದ್ಯಾರ್ಥಿಯನ್ನು ಕಾನೂನು ತರಗತಿಗೆ ಸೇರಿಸಿಕೊಂಡಿತು. ಹೀಗಾಗಿ ಸ್ಯಾಮುಯೆಲ್ ಡನ್‌ಬಾರ್ ಜೂನಿಯರ್ ಕಾಲೇಜಿನಲ್ಲಿ ಓದಿ, ಅನಂತರ ಪೈನ್ ಬ್ಲಫ್ ಊರಿನಲ್ಲಿ ಕಪ್ಪು ವಿದ್ಯಾರ್ಥಿಗಳಿಗೆಂದೇ ಇದ್ದ ಕೃಷಿ ಮತ್ತು ತಾಂತ್ರಿಕ ಕಾಲೇಜಿಗೆ ಹೋದ. 1938ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ಪದವಿ ಪಡೆದಾಗ ವಯಸ್ಸು ಹದಿನೆಂಟು.

ಬೇರ್ಪಟ್ಟ ಶಾಲೆಗಳ ಕಥೆ

ಇಲ್ಲಿ ಓದುಗರು ಒಂದು ವಿಷಯವನ್ನು ತಿಳಿದಿರಬೇಕು. 1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ, ಬಿಡುಗಡೆ ಹೊಂದಿದ ಜನರಿಗಾಗಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅನೇಕ ಕಾಲೇಜುಗಳು ಹುಟ್ಟಿಕೊಂಡವು. ಫಿಸ್ಕ್ 1866ರಲ್ಲಿ, ಹೋವರ್ಡ್ 1867ರಲ್ಲಿ ಆರಂಭವಾದವು. 1896ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಸಮಾನವಾಗಿದ್ದರೆ ಸಾಕು, ಬೇರೆ ಬೇರೆಯಾಗಿ ಇಡಬಹುದು ಎಂದು ತೀರ್ಪಿತ್ತಿತು. ಬೇರೆಯಾಗಿ ಇಟ್ಟರು, ಸಮಾನತೆ ಮಾತ್ರ ಕಾಗದದಲ್ಲೇ ಉಳಿಯಿತು. ಕಟ್ಟಡ, ಪುಸ್ತಕ, ಪ್ರಯೋಗಾಲಯ, ಸಂಬಳ ಎಲ್ಲದರಲ್ಲೂ ಕಪ್ಪು ಕಾಲೇಜುಗಳ ಪಾಲಿಗೆ ಬಂದದ್ದು ಕಡಿಮೆ. ಆದರೂ ಆ ಬಡ ಕಾಲೇಜುಗಳೇ ಒಂದು ಇಡೀ ಸಮುದಾಯದ ವೈದ್ಯರನ್ನು, ವಕೀಲರನ್ನು, ಶಿಕ್ಷಕರನ್ನು ಹೆತ್ತವು. ಇಂದಿಗೂ ಅಂಥ ಸುಮಾರು 100 ಸಂಸ್ಥೆಗಳು ಅಲ್ಲಿವೆ.

ಈ ಇತಿಹಾಸದಲ್ಲಿ ನಮ್ಮ ಧರ್ಮಸಭೆಗೂ ಪಾಲಿದೆ. ತನ್ನ ಪಾಲಿಗೆ ಬಂದ ಅಪಾರ ಆಸ್ತಿಯನ್ನು ಕಪ್ಪು ಜನರ ಮತ್ತು ಮೂಲನಿವಾಸಿಗಳ ಶಿಕ್ಷಣಕ್ಕೆ ಧಾರೆಯೆರೆದ ಸಂತ ಕ್ಯಾಥರೀನ್ ಡ್ರೆಕ್ಸೆಲ್ ಮತ್ತು ಅವರ ಕನ್ಯಾಸ್ತ್ರೀಯರು ನ್ಯೂ ಆರ್ಲಿಯನ್ಸ್ ನಗರದಲ್ಲಿ 1925ರಲ್ಲಿ ಕಾಲೇಜಾಗಿ ಬೆಳೆಸಿದ ಸಂತ ಝೇವಿಯರರ ಹೆಸರಿನ ವಿಶ್ವವಿದ್ಯಾಲಯವು ಈ ಗುಂಪಿನ ಏಕೈಕ ಕಥೋಲಿಕ ಸಂಸ್ಥೆ. 2000ದಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್ ಅವರು ಕ್ಯಾಥರೀನರನ್ನು ಸಂತ ಪದವಿಗೇರಿಸಿದರು. ಅದೇ ಕಾಲದಲ್ಲಿ ಬಹಳಷ್ಟು ಕಥೋಲಿಕ ಕಾಲೇಜುಗಳೂ ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ಹಾಕಿಕೊಂಡಿದ್ದವು ಎಂಬುದೂ ನಾವು ತಲೆತಗ್ಗಿಸಿ ಒಪ್ಪಿಕೊಳ್ಳಬೇಕಾದ ಸತ್ಯ.

ಮ್ಯಾಸ್ಸಿ ಸ್ನಾತಕೋತ್ತರ ಪದವಿಗಾಗಿ ಸೇರಿದ್ದು ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ನಗರದ ಫಿಸ್ಕ್ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಅವರಿಗೆ ದೊರೆತ ಗುರು ಸೇಂಟ್ ಎಲ್ಮೊ ಬ್ರೇಡಿ. 1916ರಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೊತ್ತಮೊದಲ ಕಪ್ಪು ಅಮೆರಿಕನ್ ಅವರು. ಬೇಕೆಂದಲ್ಲಿ ಹೋಗಬಹುದಿದ್ದ ಬ್ರೇಡಿಯವರು ತಮ್ಮ ಆಯುಷ್ಯವನ್ನೆಲ್ಲ ಕಪ್ಪು ಕಾಲೇಜುಗಳಲ್ಲಿ ಒಂದಾದ ಮೇಲೊಂದರಂತೆ ರಸಾಯನಶಾಸ್ತ್ರ ವಿಭಾಗಗಳನ್ನು ಕಟ್ಟಲು ಮುಡಿಪಾಗಿಟ್ಟರು. ಗುರುವಿನ ಆ ದಾರಿ ಶಿಷ್ಯನ ಕಣ್ಣಿಗೆ ಬಿದ್ದಿತು. 1940ರಲ್ಲಿ ಪದವಿ ಮುಗಿಸಿ, ತಾವು ಓದಿದ ಪೈನ್ ಬ್ಲಫ್ ಕಾಲೇಜಿನಲ್ಲೇ ಒಂದು ವರ್ಷ ಪಾಠ ಹೇಳಿ ಮ್ಯಾಸ್ಸಿ ಏಮ್ಸ್‌ಗೆ ಹೊರಟರು. ಆಮೇಲಿನದು ನೆಲಮಾಳಿಗೆ.

ಹೆಚ್ಚು ಓದಿದ ಅಪರಾಧ

ಏಮ್ಸ್‌ನಲ್ಲಿ ಅವರಿಗೆ ಮಾರ್ಗದರ್ಶಕರಾದವರು ಹೆನ್ರಿ ಗಿಲ್ಮನ್. ಲೋಹ ಮತ್ತು ಇಂಗಾಲ ಕೂಡಿದ ಸಂಯುಕ್ತಗಳ ಅಧ್ಯಯನದಲ್ಲಿ ಜಗತ್ಪ್ರಸಿದ್ಧರು, ಕೆಲಸದಲ್ಲಿ ಬಲು ಬಿಗಿ. ಎರಡನೇ ಮಹಾಯುದ್ಧ ನಡೆಯುತ್ತಿತ್ತು. ವಿದ್ಯಾರ್ಥಿ ಎಂಬ ಕಾರಣಕ್ಕೆ ಕಡ್ಡಾಯ ಸೇನಾ ಸೇವೆಯಿಂದ ಮ್ಯಾಸ್ಸಿಯವರಿಗೆ ವಿನಾಯಿತಿ ಇತ್ತು. 1943ರಲ್ಲಿ ಅದನ್ನು ಮುಂದುವರಿಸಿಕೊಳ್ಳಲು ಊರಿಗೆ ಹೋದಾಗ, ಸೇನಾ ಭರ್ತಿ ಮಂಡಳಿಯ ಮುಖ್ಯಸ್ಥನಿಗೆ ಅವರ ಅರ್ಜಿ ನೋಡಿ ಅಸಹನೆಯಾಯಿತು. ಒಬ್ಬ ಕಪ್ಪು ಮನುಷ್ಯನಿಗೆ ಇಷ್ಟು ವಿದ್ಯೆ ಸಾಕು, ಇದೇ ಹೆಚ್ಚಾಯಿತು ಎಂಬುದು ಅವನ ತೀರ್ಮಾನ. ವಿನಾಯಿತಿ ರದ್ದಾಯಿತು.

ಆಗ ಗಿಲ್ಮನ್ ಮಧ್ಯೆ ಬಂದರು. ಏಮ್ಸ್‌ನಲ್ಲಿ ನಡೆಯುತ್ತಿದ್ದ ಯುದ್ಧಕಾಲದ ಗುಪ್ತ ಸಂಶೋಧನೆಯೊಂದಕ್ಕೆ ಶಿಷ್ಯನನ್ನು ಸೇರಿಸಿಕೊಂಡರು. ಅದೇ ಅಣುಬಾಂಬನ್ನು ತಯಾರಿಸಿದ ಮ್ಯಾನ್‌ಹಟನ್ ಯೋಜನೆಯ ಒಂದು ಭಾಗ. ಬಾಂಬಿಗೆ ಬೇಕಾದ ಬಗೆಯ ಯುರೇನಿಯಮ್ಮನ್ನು ಬೇರ್ಪಡಿಸಲು ನೆರವಾಗುವ, ದ್ರವರೂಪದ ಯುರೇನಿಯಂ ಸಂಯುಕ್ತಗಳನ್ನು ತಯಾರಿಸಲು ಯತ್ನಿಸುವ ತಂಡದಲ್ಲಿ ಮ್ಯಾಸ್ಸಿ 1945ರವರೆಗೆ ದುಡಿದರು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಒಬ್ಬ ಯುವಕನನ್ನು ಅನ್ಯಾಯದಿಂದ ಪಾರುಮಾಡಿದ ಕೆಲಸವೇ ಲಕ್ಷಾಂತರ ಜನರ ಸಾವುನೋವಿಗೆ ಕಾರಣವಾದ ಆಯುಧದ ಕೆಲಸವೂ ಆಗಿತ್ತು. 1945ರ ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಸಾಕಿ. ನಾಗಸಾಕಿಯ ಉರಕಾಮಿ ಬಡಾವಣೆ ಜಪಾನಿನ ಕಥೋಲಿಕರ ತವರು. ಶತಮಾನಗಳ ಹಿಂಸೆಯನ್ನು ಸಹಿಸಿ ವಿಶ್ವಾಸವನ್ನು ಗುಟ್ಟಾಗಿ ಕಾಪಾಡಿಕೊಂಡು ಬಂದ ಕುಟುಂಬಗಳು ಅಲ್ಲಿದ್ದವು. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬಕ್ಕೆ ಸಿದ್ಧತೆಯಾಗಿ ಪಾಪನಿವೇದನೆಗೆ ಬಂದಿದ್ದ ಜನರೂ ಗುರುಗಳೂ ದೇವಾಲಯದೊಡನೆಯೇ ಮಣ್ಣಾದರು. ಆ ಬೃಹತ್ ಯೋಜನೆಯಲ್ಲಿ ದುಡಿದ ಬಹುಮಂದಿಗೆ ತಮ್ಮ ಪಾಲಿನ ಕೆಲಸದ ಹೊರತು ಮಿಕ್ಕದ್ದನ್ನು ತಿಳಿಸಿರಲಿಲ್ಲ. ಆದ್ದರಿಂದ ಒಬ್ಬ ಶಿಷ್ಯನ ತಲೆಗೆ ಆ ಭಾರವನ್ನೆಲ್ಲ ಕಟ್ಟುವುದು ನ್ಯಾಯವಲ್ಲ. ಆದರೆ ಜ್ಞಾನ ತಾನಾಗಿಯೇ ಮಂಗಳಕರವಲ್ಲ, ಅದು ಯಾವ ಗುರಿಗೆ ದುಡಿಯುತ್ತದೆ ಎಂದು ಕೇಳುತ್ತಲೇ ಇರಬೇಕು ಎಂಬ ಪಾಠವನ್ನು ಯಾವ ಕಾಲದ ವಿದ್ಯಾವಂತರೂ ಮರೆಯುವಂತಿಲ್ಲ. ನಗರಗಳನ್ನು ಜನರ ಸಮೇತ ನಾಶಮಾಡುವ ಯುದ್ಧವನ್ನು ಎರಡನೇ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಖಂಡಿಸಿದ್ದು ಈ ಕಾರಣಕ್ಕಾಗಿಯೇ.

ಯುದ್ಧ ಮುಗಿಯಿತು. ಮ್ಯಾಸ್ಸಿ ಮತ್ತೆ ಓದಿಗೆ ಮರಳಿ 1946ರಲ್ಲಿ ಡಾಕ್ಟರೇಟ್ ಪಡೆದರು. ಆಯುಧಗಳ ಕಡೆ ಅವರು ಹೋಗಲಿಲ್ಲ. ಔಷಧಗಳ ಕಡೆಗೂ ಮಕ್ಕಳ ಕಡೆಗೂ ತಿರುಗಿದರು.

ಪಾಠ ಹೇಳುವುದೇ ಕಾಯಕ

ಫಿಸ್ಕ್‌ನಲ್ಲಿ ಒಂದು ವರ್ಷ ಬೋಧಿಸಿದರು. 1947ರಲ್ಲಿ ಗ್ಲೋರಿಯಾ ಎಂಬವರನ್ನು ವಿವಾಹವಾದರು. ಆಕೆ ಮನಶ್ಶಾಸ್ತ್ರದ ವಿದುಷಿ. ದಂಪತಿಗಳಿಗೆ ಮೂವರು ಗಂಡುಮಕ್ಕಳಾದರು. ಅದೇ ವರ್ಷ ಓಕ್ಲಹೋಮಾ ರಾಜ್ಯದ ಲ್ಯಾಂಗ್‌ಸ್ಟನ್ ವಿಶ್ವವಿದ್ಯಾಲಯಕ್ಕೆ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಹೋದರು. 1953ರಲ್ಲಿ ಫಿಸ್ಕ್‌ಗೆ ಮರಳಿ, ನಿವೃತ್ತರಾಗಿದ್ದ ಗುರು ಬ್ರೇಡಿಯವರು ನಡೆಸುತ್ತಿದ್ದ ವಿಭಾಗದ ಹೊಣೆಯನ್ನು ತಾವೇ ಹೊತ್ತರು.

ಅವರ ಹೆಸರನ್ನು ಪ್ರಪಂಚಕ್ಕೆ ಪರಿಚಯಿಸಿದ್ದು 1954ರ ಒಂದು ಲೇಖನ. ಫಿನೋಥಯಾಜಿನ್ ಎಂಬ ರಾಸಾಯನಿಕ ವಸ್ತು 1883ರಿಂದಲೇ ಗೊತ್ತಿತ್ತು. ಹುಳುಹುಪ್ಪಟೆ ಕೊಲ್ಲಲು, ದನಕುರಿಗಳ ಹೊಟ್ಟೆಯ ಜಂತುಹುಳು ತೆಗೆಯಲು ಅದನ್ನು ಬಳಸುತ್ತಿದ್ದರು. 1950ರ ಸುಮಾರಿಗೆ ಫ್ರಾನ್ಸಿನ ವಿಜ್ಞಾನಿಗಳು ಅದೇ ಕುಟುಂಬಕ್ಕೆ ಸೇರಿದ ಕ್ಲೋರ್‌ಪ್ರೊಮಜಿನ್ ಎಂಬ ಔಷಧವನ್ನು ತಯಾರಿಸಿದರು. ತೀವ್ರ ಮಾನಸಿಕ ರೋಗದಿಂದ ನರಳುವವರ ಮೇಲೆ ಅದು ಬೀರಿದ ಪರಿಣಾಮ 1952ರಲ್ಲಿ ಬೆಳಕಿಗೆ ಬಂತು. ಅಲ್ಲಿಯವರೆಗೆ ಇಂಥ ರೋಗಿಗಳನ್ನು ಕೂಡಿಹಾಕುವುದು, ಕಟ್ಟಿಹಾಕುವುದು ಬಿಟ್ಟರೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ, ಫಿನೋಥಯಾಜಿನ್ ಬಗ್ಗೆ ಅಲ್ಲಿಯವರೆಗೆ ತಿಳಿದಿದ್ದೆಲ್ಲವನ್ನೂ ಒಂದೆಡೆ ಕಲೆಹಾಕಿ, ಒಪ್ಪವಾಗಿ ಜೋಡಿಸಿ ಮ್ಯಾಸ್ಸಿಯವರು ಬರೆದ ವಿಸ್ತಾರವಾದ ಲೇಖನ ಪ್ರಕಟವಾಯಿತು. ಆ ವಸ್ತುಗಳ ಮೇಲೆ ಕೆಲಸ ಮಾಡುತ್ತಿದ್ದವರಿಗೆ ಅದು ಕೈದೀವಿಗೆಯಾಯಿತು. ಪ್ರತಿಗಳನ್ನು ಕೇಳಿ ದೇಶ ವಿದೇಶಗಳಿಂದ ಪತ್ರಗಳು ಬಂದವು. ಬರೆದವರು ಒಂದು ಚಿಕ್ಕ ಕಪ್ಪು ಕಾಲೇಜಿನ ಮೇಷ್ಟರು ಎಂದು ಆ ಪತ್ರ ಬರೆದವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ!

ಅದೇ 1954ರಲ್ಲಿ ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. 1957ರಲ್ಲಿ ಮ್ಯಾಸ್ಸಿಯವರ ಹುಟ್ಟೂರಿನ ಎದುರು ದಡದಲ್ಲಿರುವ ಲಿಟಲ್ ರಾಕ್ ನಗರದಲ್ಲಿ 9 ಮಂದಿ ಕಪ್ಪು ಮಕ್ಕಳನ್ನು ಪ್ರೌಢಶಾಲೆಯ ಒಳಗೆ ಕಳಿಸಲು ದೇಶದ ಸೈನ್ಯವೇ ಬರಬೇಕಾಯಿತು. 1960ರಲ್ಲಿ ನ್ಯಾಶ್‌ವಿಲ್‌ನ ಹೋಟೆಲುಗಳಲ್ಲಿ ಕುಳಿತು ಊಟ ಕೇಳಿ ಶಾಂತಿಯಿಂದ ಪ್ರತಿಭಟಿಸಿದ ಯುವಜನರಲ್ಲಿ ಫಿಸ್ಕ್‌ನ ವಿದ್ಯಾರ್ಥಿಗಳೂ ಇದ್ದರು. ತೀರ್ಪು ಬಂದ ಮಾತ್ರಕ್ಕೆ ಹೃದಯಗಳು ಬದಲಾಗಿರಲಿಲ್ಲ.

1960ರಲ್ಲಿ ಮ್ಯಾಸ್ಸಿ ವಾಷಿಂಗ್ಟನ್ನಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ, ಮರುವರ್ಷ ಹೋವರ್ಡ್ ವಿಶ್ವವಿದ್ಯಾಲಯದ ಔಷಧ ರಸಾಯನಶಾಸ್ತ್ರ ವಿಭಾಗಕ್ಕೆ ಹೋದರು. 1961ರಲ್ಲಿ ದೇಶದ ರಾಸಾಯನಿಕ ಉದ್ಯಮಗಳ ಸಂಘವು ಅವರನ್ನು ಅಮೆರಿಕದ ಆರು ಮಂದಿ ಅತ್ಯುತ್ತಮ ರಸಾಯನಶಾಸ್ತ್ರ ಅಧ್ಯಾಪಕರಲ್ಲಿ ಒಬ್ಬರೆಂದು ಗೌರವಿಸಿತು.

ಅಧ್ಯಕ್ಷರ ಕುರ್ಚಿ

1963ರಲ್ಲಿ ಉತ್ತರ ಕ್ಯಾರೊಲಿನಾ ರಾಜ್ಯದ ಡರ್ಹಮ್ ನಗರದ ನಾರ್ತ್ ಕ್ಯಾರೊಲಿನಾ ಕಾಲೇಜಿನ ಅಧ್ಯಕ್ಷ ಪದವಿ ಮ್ಯಾಸ್ಸಿಯವರಿಗೆ ಒಲಿದು ಬಂತು. ಆ ಕಾಲೇಜನ್ನು 1910ರಲ್ಲಿ ಆರಂಭಿಸಿದವರು ಜೇಮ್ಸ್ ಶೆಪರ್ಡ್ ಎಂಬ ಔಷಧಶಾಸ್ತ್ರ ಓದಿದ ಕಪ್ಪು ಮುಖಂಡರು. ಅವರ ಅನಂತರ ಆಲ್ಫಾನ್ಸೊ ಎಲ್ಡರ್ ನಡೆಸಿದರು. ಮೂರನೆಯವರು ಮ್ಯಾಸ್ಸಿ.

ಸಮಯ ಸುಲಭದ್ದಾಗಿರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಡರ್ಹಮ್‌ನ ಬೀದಿಗಳಲ್ಲಿ ವರ್ಣಭೇದದ ವಿರುದ್ಧ ದೊಡ್ಡ ಪ್ರತಿಭಟನೆಗಳು ನಡೆದು, ಈ ಕಾಲೇಜಿನ ವಿದ್ಯಾರ್ಥಿಗಳೂ ಸೇರಿದಂತೆ ನೂರಾರು ಮಂದಿ ಬಂಧನಕ್ಕೊಳಗಾಗಿದ್ದರು. ಕಾಲೇಜು ಸರ್ಕಾರದ್ದು, ಅನುದಾನ ಬರಬೇಕಾದುದು ಬಿಳಿಯರೇ ತುಂಬಿದ್ದ ಶಾಸನಸಭೆಯಿಂದ. ಅಂಥ ಕಾಲೇಜಿನ ಅಧ್ಯಕ್ಷನಾದವನ ಪಾಡು ಅತ್ತ ದರಿ ಇತ್ತ ಪುಲಿ. 1964ರಲ್ಲಿ ನಾಗರಿಕ ಹಕ್ಕುಗಳ ಕಾನೂನು, 1965ರಲ್ಲಿ ಮತದಾನದ ಹಕ್ಕಿನ ಕಾನೂನು ಬಂದವು. ಅವುಗಳ ಜೊತೆಗೆ ಹೊಸದೊಂದು ಪ್ರಶ್ನೆಯೂ ಬಂತು: ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ಎಲ್ಲರಿಗೂ ತೆರೆದ ಮೇಲೆ ಕಪ್ಪು ಕಾಲೇಜುಗಳು ಇನ್ನೇಕೆ? ಕಷ್ಟಕಾಲದಲ್ಲಿ ಸಾಕಿದ ತಾಯಿಯನ್ನು ಸುಖ ಬಂದಾಗ ಬೇಡವೆನ್ನಬಹುದೇ? ಆ ಕಾಲೇಜುಗಳು ಕಾಲವೇ ಉತ್ತರಿಸುವಂತೆ ಬಾಳಿ ತೋರಿಸಿದವು. ಡರ್ಹಮ್‌ನ ಕಾಲೇಜು 1969ರಲ್ಲಿ ವಿಶ್ವವಿದ್ಯಾಲಯವಾಗಿ ಇಂದಿಗೂ ನಡೆಯುತ್ತಿದೆ.

ಮ್ಯಾಸ್ಸಿಯವರು ಆ ಕುರ್ಚಿಯಲ್ಲಿ ಕುಳಿತದ್ದು ಮೂರೇ ವರ್ಷ. ಪದವಿಯ ಏಣಿಯಲ್ಲಿ ಅದಕ್ಕಿಂತ ಎತ್ತರದ ಮೆಟ್ಟಿಲು ಅವರ ಬದುಕಿನಲ್ಲಿ ಮತ್ತೆ ಬರಲಿಲ್ಲ. ಆದರೆ ಅವರನ್ನು ಜನ ನೆನೆಯುವುದು ಅಧ್ಯಕ್ಷರೆಂದಲ್ಲ, ಗುರುಗಳೆಂದು. 1966ರಲ್ಲಿ ಅವರು ಕಡತಗಳನ್ನು ಬಿಟ್ಟು ಕರಿಹಲಗೆಯ ಮುಂದೆ ಬಂದು ನಿಂತರು.

ಮನೆ ಸಿಗದ ಪ್ರಾಧ್ಯಾಪಕ

ಆ ಕರಿಹಲಗೆ ಇದ್ದುದು ಮೇರಿಲ್ಯಾಂಡ್ ರಾಜ್ಯದ ಅನಾಪೊಲಿಸ್‌ನಲ್ಲಿ, ಅಮೆರಿಕದ ನೌಕಾ ಅಕಾಡೆಮಿಯಲ್ಲಿ. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ನೇಮಕದಿಂದ ಮ್ಯಾಸ್ಸಿ ಅಲ್ಲಿನ ಮೊದಲ ಕಪ್ಪು ಪ್ರಾಧ್ಯಾಪಕರಾದರು. 1845ರಲ್ಲಿ ಸ್ಥಾಪನೆಯಾದ ಆ ಅಕಾಡೆಮಿಯಿಂದ ಮೊದಲ ಕಪ್ಪು ವಿದ್ಯಾರ್ಥಿ ಪದವಿ ಪಡೆದು ಹೊರಬಂದದ್ದೇ 1949ರಲ್ಲಿ. 1944ರವರೆಗೆ ಅಮೆರಿಕದ ನೌಕಾಪಡೆಯಲ್ಲಿ ಕಪ್ಪು ಅಧಿಕಾರಿಗಳು ಇರಲಿಲ್ಲವೆಂದೇ ಹೇಳಬಹುದು. ಇಷ್ಟು ಓದಿದ್ದೇ ಹೆಚ್ಚಾಯಿತೆಂದು 1943ರಲ್ಲಿ ಯಾರನ್ನು ಸಿಪಾಯಿಯಾಗಿ ಕಳಿಸಲು ಹೊರಟಿದ್ದರೋ, ಅವರೇ 23 ವರ್ಷಗಳ ನಂತರ ಮುಂದಿನ ನೌಕಾಧಿಕಾರಿಗಳಿಗೆ ಗುರುಗಳಾದರು.

ಆದರೂ ಅವಮಾನ ಬೆನ್ನು ಬಿಡಲಿಲ್ಲ. ದೇಶದ ಅಧ್ಯಕ್ಷರೇ ನೇಮಿಸಿದ ಪ್ರಾಧ್ಯಾಪಕನಿಗೆ ಅನಾಪೊಲಿಸ್‌ನಲ್ಲಿ ಕೊಳ್ಳಲು ಮನೆ ಸಿಗಲಿಲ್ಲ. ಬಿಳಿಯರ ಬೀದಿಯಲ್ಲಿ ಕಪ್ಪು ಕುಟುಂಬಕ್ಕೆ ಮನೆ ಮಾರಲು ಯಾರೂ ಸಿದ್ಧರಿರಲಿಲ್ಲ. ಮ್ಯಾಸ್ಸಿ ಕುಟುಂಬ ದೂರದ ಲಾರೆಲ್ ಎಂಬ ಊರಿನಲ್ಲಿ ನೆಲಸಿತು. ಮನೆ ಮಾರಾಟದಲ್ಲಿ ಇಂಥ ಭೇದವನ್ನು ನಿಷೇಧಿಸಿದ ಕಾನೂನು ಬಂದದ್ದು 1968ರಲ್ಲಿ. ಜಾತಿ ಕೇಳಿ ಮನೆ ಬಾಡಿಗೆಗೆ ಕೊಡುವುದನ್ನು ಕಂಡಿರುವ ನಮಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಗೆ ಸಾಧಿಸಲು ಮ್ಯಾಸ್ಸಿಯವರಿಗೆ ಕಾರಣಗಳ ಕೊರತೆಯಿರಲಿಲ್ಲ. ಆದರೆ ಅವರ ತರಗತಿಯಲ್ಲಿ ಕುಳಿತ ಬಹುತೇಕ ಬಿಳಿಯ ಯುವಕರಿಗೆ ಅವರು ಕೊಟ್ಟದ್ದು ಪಾಠವನ್ನು. ಸುಮ್ಮನೆ ಸಹಿಸಿಕೊಂಡೂ ಇರಲಿಲ್ಲ. ಉದ್ಯೋಗದಲ್ಲಿ ಸಮಾನ ಅವಕಾಶಕ್ಕಾಗಿ ಇದ್ದ ಸಮಿತಿಯಲ್ಲಿ ದುಡಿದರು, ಕಪ್ಪು ಜನರ ಇತಿಹಾಸ ಸಂಸ್ಕೃತಿಗಳ ಅಧ್ಯಯನ ಅಕಾಡೆಮಿಯಲ್ಲಿ ಆರಂಭವಾಗಲು ನೆರವಾದರು. 1977ರಿಂದ 1981ರವರೆಗೆ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು. ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಮಲೇರಿಯಾ ಮೊದಲಾದ ರೋಗಗಳ ಮದ್ದಿಗಾಗಿ ಸಂಶೋಧನೆ ನಡೆಸಿದರು. 1985ರಲ್ಲಿ ಗನೋರಿಯಾ ರೋಗಾಣುವಿನ ವಿರುದ್ಧ ಕೆಲಸ ಮಾಡುವ ರಾಸಾಯನಿಕಗಳಿಗೆ ಅವರಿಗೂ ಸಹೋದ್ಯೋಗಿಗಳಿಗೂ ಪೇಟೆಂಟ್ ದೊರೆಯಿತು. ಇದರ ಜೊತೆಗೆ ಎರಡು ದಶಕಗಳ ಕಾಲ ಮೇರಿಲ್ಯಾಂಡ್ ರಾಜ್ಯದ ಸಮುದಾಯ ಕಾಲೇಜುಗಳ ಮಂಡಳಿಯನ್ನೂ ಮುನ್ನಡೆಸಿದರು. ಬಡವರ ಮಕ್ಕಳೂ ದುಡಿಯುತ್ತಾ ಓದುವವರೂ ಹೆಚ್ಚಾಗಿ ಸೇರುವುದು ಇಂಥ ಕಾಲೇಜುಗಳಿಗೆ. ದಿನಸಿ ಅಂಗಡಿಯ ಹುಡುಗ ತನ್ನಂಥವರನ್ನು ಮರೆತಿರಲಿಲ್ಲ.

1993ರಲ್ಲಿ ಅವರು ನಿವೃತ್ತರಾದರು. 1994ರಲ್ಲಿ ಅಮೆರಿಕದ ಇಂಧನ ಇಲಾಖೆಯು ಅವರ ಹೆಸರಿನಲ್ಲಿ ಪ್ರಾಧ್ಯಾಪಕ ಪೀಠಗಳನ್ನು ಸ್ಥಾಪಿಸಿತು. ಸುಮಾರು 1 ಕೋಟಿ 47 ಲಕ್ಷ ಡಾಲರುಗಳ ಆ ಯೋಜನೆಯ ಫಲ ಸಿಕ್ಕಿದ್ದು 10 ವಿಶ್ವವಿದ್ಯಾಲಯಗಳಿಗೆ. ಅವುಗಳಲ್ಲಿ 9 ಕಪ್ಪು ಜನರ ವಿಶ್ವವಿದ್ಯಾಲಯಗಳು. ಮ್ಯಾನ್‌ಹಟನ್ ಯೋಜನೆಯ ಉತ್ತರಾಧಿಕಾರಿಯಾದ ಇಲಾಖೆಯೇ ನೆಲಮಾಳಿಗೆಯ ವಿದ್ಯಾರ್ಥಿಯ ಹೆಸರಿನಲ್ಲಿ ಪರಿಸರ ಸಂಶೋಧನೆಗೆ ಹಣ ಕೊಟ್ಟಿತು.

2005ರ ಏಪ್ರಿಲ್ 10ರಂದು, 85ರ ವಯಸ್ಸಿನಲ್ಲಿ, ಲಾರೆಲ್‌ನಲ್ಲಿ ಅವರು ಕಣ್ಣುಮುಚ್ಚಿದರು.

ಸಿಗದೆ ಹೋದ ಮದ್ದು

ಓದುಗರೇ, ಈ ಬದುಕಿನಲ್ಲಿ ಒಂದು ಮಾತು ನಮ್ಮ ಮನಸ್ಸಿಗೆ ನಾಟಬೇಕು. ತಂದೆಯ ಉಬ್ಬಸಕ್ಕೆ ಮದ್ದು ಹುಡುಕಲು ಹೊರಟ ಹುಡುಗನಿಗೆ ಆ ಮದ್ದು ಸಿಗಲೇ ಇಲ್ಲ. ಇಂದಿಗೂ ಉಬ್ಬಸವನ್ನು ಹತೋಟಿಯಲ್ಲಿಡಬಹುದೇ ಹೊರತು ಬೇರುಸಹಿತ ಕೀಳುವ ಔಷಧ ಬಂದಿಲ್ಲ. ಹಾಗಾದರೆ ಅವರ ಶ್ರಮ ವ್ಯರ್ಥವಾಯಿತೇ? ತಂದೆಯ ಮೇಲಿನ ಪ್ರೀತಿಯಿಂದ ಹಿಡಿದ ದಾರಿ ಅವರನ್ನು ಬೇರೆ ಯಾವುದೋ ರೋಗಿಗಳ ಬಳಿಗೆ, ಯಾರದೋ ಮಕ್ಕಳ ಬಳಿಗೆ ಕರೆದೊಯ್ದಿತು. ನಾವು ಬಿತ್ತಿದ ಹೊಲದಲ್ಲೇ ಬೆಳೆ ಕಾಣಬೇಕೆಂದೇನೂ ಇಲ್ಲ.

ಮಕ್ಕಳಿಗೆ ಬೇಕಾದ ಸೀಟು ಸಿಗಲಿಲ್ಲವೆಂದು, ಅಂಕ ಕಡಿಮೆಯಾಯಿತೆಂದು ಕೊರಗುವ ಮನೆಗಳು ನಮ್ಮಲ್ಲಿ ಎಷ್ಟೋ. ತಂದೆತಾಯಂದಿರು ಆ ದಿನ ಮಕ್ಕಳಿಗೆ ಮ್ಯಾಸ್ಸಿಯವರ ಕಥೆ ಹೇಳಲಿ. ಮುಚ್ಚಿದ ಬಾಗಿಲನ್ನು ಗುದ್ದುತ್ತಾ ಕೂರದೆ ತೆರೆದಿದ್ದ ಸಣ್ಣ ಬಾಗಿಲಿನಿಂದ ಅವರು ಒಳಹೊಕ್ಕರು, ಒಳಗೆ ಹೋದ ಮೇಲೆ ತಮ್ಮ ಹಿಂದೆ ಬರುವವರಿಗಾಗಿ ಅದನ್ನು ಇನ್ನಷ್ಟು ಅಗಲ ಮಾಡಿದರು. ಹಾಗೆಯೇ ದೊಡ್ಡವರಾದ ನಾವು ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳೋಣ. ನಮ್ಮ ಮನೆ, ನಮ್ಮ ಶಾಲೆ, ನಮ್ಮ ಓಣಿಯಲ್ಲಿ ಯಾವ ಮಗುವನ್ನು ನಾವು ಇನ್ನೂ ನೆಲಮಾಳಿಗೆಯಲ್ಲಿ ಕೂರಿಸಿದ್ದೇವೆ?